‘ಟ್ರೈ’, ‘ತ್ರಿ’ ಮತ್ತು ‘ಸೆಹ್’

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



‘ಶಿಕ್ಷಣದ ಮಹತ್ವ’ದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಹಿರಿಯರು ಅಪ್ಪಣೆ ಮಾಡಿದ್ದರು. ಆ ವಿಷಯವನ್ನು ನೀವು ಪ್ರತಿವರ್ಷ ಕೇಳುತ್ತಲೇ ಇದ್ದೀರಿ. ಆದ್ದರಿಂದ ಈ ಸಲ ಅವರ ಒಪ್ಪಿಗೆ ಪಡೆದು ಬಹಳ ಸಣ್ಣದೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಇಂಗ್ಲಿಷಿನ ಮೂರೇ ಮೂರು ಅಕ್ಷರಗಳು: ಟಿ, ಆರ್, ಐ. ಇವು ಪದದ ಆರಂಭದಲ್ಲಿ ಬಂದು ಕುಳಿತರೆ ಆ ಪದಕ್ಕೆ ‘ಮೂರು’ ಎಂಬ ಅರ್ಥ ಸೇರುತ್ತದೆ. ಇಂಥದ್ದನ್ನು ಇಂಗ್ಲಿಷಿನಲ್ಲಿ ಪ್ರಿಫಿಕ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಪೂರ್ವಪ್ರತ್ಯಯ, ಉರ್ದುವಿನಲ್ಲಿ ಸಾಬಿಖಾ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೆಯ ತರಗತಿಯ ಇಂಗ್ಲಿಷ್ ಪೀರಿಯಡ್ ನನ್ನ ಪಾಲಿಗೆ ಬಂತು. ಬೋರ್ಡಿನ ಮೇಲೆ ಟ್ರೈಆ್ಯಂಗಲ್, ಟ್ರೈಸಿಕಲ್, ಟ್ರೈಪಾಡ್ ಎಂದು ಬರೆದು, ಎದುರಿಗೆ ಅರ್ಥ ಬರೆದು, ‘ಒಂದೊಂದನ್ನೂ ಐದೈದು ಸಲ ಬರೆಯಿರಿ’ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಟೀಚರ್, ಇದು ನಮ್ಮ ತ್ರಿಕೋನದ ತ್ರೀನೇ ಅಲ್ವಾ?’ ಎಂದು ಕೇಳಿದಳು. ನಾನು, ‘ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ತರಬೇಡ, ಸುಮ್ಮನೆ ಬರೆದುಕೋ’ ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ಕುಳಿತುಕೊಂಡಳು. ಆಮೇಲೆ ನಾನು ಹೋದ ಆ ಪೀರಿಯಡ್‌ಗಳಲ್ಲಿ ಅವಳು ಕೈ ಎತ್ತಲೇ ಇಲ್ಲ.

ಆ ಬೇಸಿಗೆ ರಜೆಯಲ್ಲಿ ಗ್ರಂಥಾಲಯದಲ್ಲಿ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ‘ಟ್ರೈ’ ಕಣ್ಣಿಗೆ ಬಿತ್ತು. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಂದ ಬಂದದ್ದು ಎಂದು ಬರೆದು, ಅದರ ಪಕ್ಕದಲ್ಲೇ ಸಂಸ್ಕೃತದ ‘ತ್ರಿ’ಯನ್ನು ಕೊಟ್ಟಿದ್ದರು. ಹುಡುಗಿ ಹೇಳಿದ್ದು ಸರಿಯಾಗಿತ್ತು, ತಪ್ಪು ನನ್ನದಾಗಿತ್ತು. ‘ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ’ ಎಂಬ ಬೋಧನಾ ಸೂತ್ರದ ಮೇಲೆ ಬಿ.ಎಡ್. ಪರೀಕ್ಷೆಯಲ್ಲಿ ಎರಡು ಪುಟ ಉತ್ತರ ಬರೆದವರು ನಾವು. ಆ ಸೂತ್ರವನ್ನು ತಾನಾಗಿಯೇ ಬಳಸಿದ ಮಗುವನ್ನು ನಾನು ಕೂರಿಸಿದ್ದೆ.

ಆದ್ದರಿಂದ ಅವಳು ಕೇಳಿದ ಪ್ರಶ್ನೆಗೆ ಇಂದು ನಿಮ್ಮೆದುರು ಪೂರ್ತಿ ಉತ್ತರ ಕೊಡುತ್ತೇನೆ.

ನಿಮ್ಮ ಮನೆಯಿಂದಲೇ ಆರಂಭಿಸೋಣ. ನೆಂಟರು ಬಂದಾಗ ಚಹಾದ ತಟ್ಟೆಯನ್ನು ಎಲ್ಲಿ ಇಡುತ್ತೀರಿ? ಟೀಪಾಯಿಯ ಮೇಲೆ. ಟೀ ಇಡುವುದರಿಂದ ಅದಕ್ಕೆ ಆ ಹೆಸರು ಎಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಅದರ ಮೂಲ ಹೆಸರು ‘ತಿಪಾಯಿ’, ಅಂದರೆ ಮೂರು ಕಾಲಿನದು. ಚಾರ್‌ಪಾಯಿ ನಾಲ್ಕು ಕಾಲಿನದು, ತಿಪಾಯಿ ಮೂರು ಕಾಲಿನದು. ಇಂಗ್ಲಿಷರು ಈ ಪದವನ್ನು ನಮ್ಮಿಂದ ಪಡೆದು, ‘ಟೀ’ ಎಂಬ ಪದದ ಪ್ರಭಾವದಿಂದ ಅದೇ ಕಾಗುಣಿತದಲ್ಲಿ ಬರೆದರು. ಈಗ ಅದು ನಾಲ್ಕು ಕಾಲಿನ ಮೇಲೆ ನಿಂತರೂ ಹೆಸರಿನಲ್ಲಿ ಮೂರೇ ಕಾಲು.

ಇನ್ನು ಫೋಟೋ ಸ್ಟುಡಿಯೋದ ಟ್ರೈಪಾಡ್ ನೋಡಿ. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್. ಗ್ರೀಕ್ ಭಾಷೆಯಲ್ಲಿ ‘ಪಾಡ್’ ಎಂದರೆ ಪಾದ. ಪಾದ ನಿಮಗೆ ಗೊತ್ತು. ಫಾರಸಿಯಲ್ಲಿ ಅದೇ ‘ಪಾ’. ಕಾಲಿಗೆ ತೊಡುವ ಉಡುಪು ಪಾಜಾಮ. ಟ್ರೈಪಾಡ್ ಮತ್ತು ತಿಪಾಯಿ, ಇವೆರಡೂ ಒಂದೇ ಮಾತು ಎಂದಾಯಿತು.

ಮುಂದೆ ಸಿತಾರ್. ಫಾರಸಿಯಲ್ಲಿ ಮೂರಕ್ಕೆ ‘ಸೆಹ್’ ಎನ್ನುತ್ತಾರೆ. ಸೆಹ್ ಮತ್ತು ತಾರ್ ಸೇರಿ ಸಿತಾರ್, ಅಂದರೆ ಮೂರು ತಂತಿಯದು. ಇಂದಿನ ಸಿತಾರಿಗೆ ತಂತಿಗಳು ಬಹಳ ಹೆಚ್ಚು. ಹೆಸರು ಮಾತ್ರ ಹಳೆಯದೇ ಉಳಿದಿದೆ. ದಿನದ ಮೂರನೆಯ ಪಹರಕ್ಕೆ ಉರ್ದುವಿನಲ್ಲಿ ಸೆಹ್‌ಪಹರ್ ಎನ್ನುವುದೂ ಇದೇ ‘ಸೆಹ್’ನಿಂದ.

ಈಗ ಶಾಲೆಗೆ ಬರೋಣ. ಟ್ರೈಆ್ಯಂಗಲ್: ‘ಆ್ಯಂಗಲ್’ ಎಂದರೆ ಕೋನ, ಆದ್ದರಿಂದ ಅದು ತ್ರಿಕೋನ. ಹತ್ತನೆಯ ತರಗತಿಯವರು ಹೆದರುವ ಪದ ಟ್ರಿಗನಾಮಿಟ್ರಿ. ಇದನ್ನು ಬಿಡಿಸಿ ನೋಡಿ. ‘ಟ್ರೈ’ ಮೂರು, ‘ಗೋನಿಯಾ’ ಎಂದರೆ ಕೋನ, ‘ಮೆಟ್ರನ್’ ಎಂದರೆ ಅಳತೆ. ಕನ್ನಡದ ತ್ರಿಕೋನಮಿತಿಯಲ್ಲೂ ತ್ರಿ, ಕೋನ, ಮಿತಿ ಎಂಬ ಮೂರೇ ತುಂಡುಗಳಿವೆ, ಅದೇ ಕ್ರಮದಲ್ಲಿ. ಈ ಅಧ್ಯಾಯದ ಮೊದಲ ಪದ ‘ಸೈನ್’. ಅದಕ್ಕೂ ನಮ್ಮ ಜೇಬಿಗೂ ಸಂಬಂಧವಿದೆ ಎಂದರೆ ನಂಬುತ್ತೀರಾ? ಆರ್ಯಭಟ ಈ ಅಳತೆಯನ್ನು ‘ಜ್ಯಾ’ ಎಂದು ಕರೆದಿದ್ದ, ಅಂದರೆ ಬಿಲ್ಲಿನ ಹೆದೆ. ಅರಬ್ ಗಣಿತಜ್ಞರು ಅದನ್ನು ‘ಜೀಬಾ’ ಎಂದು ತೆಗೆದುಕೊಂಡರು. ಅರಬ್ಬಿ ಬರವಣಿಗೆಯಲ್ಲಿ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲವಾದ್ದರಿಂದ ಓದುವವರು ಅದನ್ನು ‘ಜೈಬ್’ ಎಂದು ಓದಿದರು. ಜೈಬ್ ಎಂದರೆ ಉಡುಪಿನ ಮಡಿಕೆ. 12ನೆಯ ಶತಮಾನದಲ್ಲಿ ಯುರೋಪಿನ ಅನುವಾದಕರು ಮಡಿಕೆ ಎಂಬ ಅರ್ಥದ ಲ್ಯಾಟಿನ್ ಪದ ‘ಸೈನಸ್’ ಹಾಕಿದರು. ಅದೇ ಇಂದಿನ ಸೈನ್. ಅದೇ ಜೈಬ್ ಉರ್ದುವಿನ ‘ಜೇಬ್’ ಆಗಿ, ಕನ್ನಡದ ‘ಜೇಬು’ ಆಗಿ ನಿಮ್ಮ ಅಂಗಿಗೆ ಹೊಲಿಯಲ್ಪಟ್ಟಿದೆ.

ತಿಂಗಳ ಲೆಕ್ಕಕ್ಕೆ ಬನ್ನಿ. ಗರ್ಭಿಣಿಯ ಒಂಬತ್ತು ತಿಂಗಳನ್ನು ವೈದ್ಯರು ಮೂರು ಟ್ರೈಮೆಸ್ಟರ್‌ಗಳಾಗಿ ಎಣಿಸುತ್ತಾರೆ. ಲ್ಯಾಟಿನ್‌ನ ‘ಮೆನ್ಸಿಸ್’, ಸಂಸ್ಕೃತದ ‘ಮಾಸ’, ಫಾರಸಿಯ ‘ಮಾಹ್’, ಮೂರರ ಅರ್ಥವೂ ತಿಂಗಳು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಕನ್ನಡದಲ್ಲಿ ತ್ರೈಮಾಸಿಕ, ಉರ್ದುವಿನಲ್ಲಿ ಸೆಹ್‌ಮಾಹಿ. ಟ್ರೈಮೆಸ್ಟರ್, ತ್ರೈಮಾಸಿಕ, ಸೆಹ್‌ಮಾಹಿ: ಮೂರು ಭಾಷೆಯ ಮೂರು ಪದಗಳಲ್ಲಿ ಮುಂದಿನ ತುಂಡೂ ಒಂದೇ, ಹಿಂದಿನ ತುಂಡೂ ಒಂದೇ. ಕಾಲೇಜಿಗೆ ಹೋಗುವವರು ‘ಸೆಮಿಸ್ಟರ್’ನ ‘ಸೆಮಿ’ ಎಂದರೆ ಅರ್ಧ ಎಂದುಕೊಳ್ಳುತ್ತಾರೆ. ಅದು ಅರ್ಧವಲ್ಲ, ಆರು. ಆರು ತಿಂಗಳದ್ದು ಸೆಮಿಸ್ಟರ್, ಉರ್ದುವಿನ ಶಶ್‌ಮಾಹಿ.

ಟ್ರೈಡೆಂಟ್ ಎಂದರೆ ಮೂರು ಹಲ್ಲಿನ ಆಯುಧ, ತ್ರಿಶೂಲ. ‘ಡೆಂಟ್’ ಎಂದರೆ ಹಲ್ಲು. ಡೆಂಟಿಸ್ಟ್, ದಂತವೈದ್ಯ, ಉರ್ದುವಿನ ದಂದಾನ್‌ಸಾಜ್, ಮೂವರೂ ನೋಡುವುದು ಅದೇ ಹಲ್ಲನ್ನು. ಟ್ರೈಸೆಪ್ಸ್ ಎಂದರೆ ತೋಳಿನ ಹಿಂಭಾಗದ, ಮೂರು ತಲೆಗಳುಳ್ಳ ಸ್ನಾಯು. ಟ್ರೈಕಲರ್ ಎಂದರೆ 1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ನಮ್ಮ ತ್ರಿವರ್ಣ ಧ್ವಜ. ಭೂಪಟದಲ್ಲಿ ಲಿಬಿಯಾದ ರಾಜಧಾನಿ ಟ್ರಿಪೋಲಿ ಇದೆ. ‘ಪೋಲಿಸ್’ ಎಂದರೆ ಗ್ರೀಕ್‌ನಲ್ಲಿ ಪಟ್ಟಣ, ಸಂಸ್ಕೃತದ ‘ಪುರ’ಕ್ಕೆ ನೆಂಟ. ಹಿಂದೆ ಅಲ್ಲಿದ್ದ ಮೂರು ಪಟ್ಟಣಗಳಿಂದ ಆ ಹೆಸರು ಬಂತು. ಉರ್ದು ಪತ್ರಿಕೆಗಳಲ್ಲಿ ನೀವು ಓದುವ ‘ತರಾಬ್ಲಸ್’ ಇದೇ ಊರು.

ಟ್ರಿವಿಯಲ್ ಎಂಬ ಪದದ ಕಥೆ ಚೆನ್ನಾಗಿದೆ. ಲ್ಯಾಟಿನ್‌ನಲ್ಲಿ ‘ವಿಯಾ’ ಎಂದರೆ ದಾರಿ. ‘ಟ್ರಿವಿಯಂ’ ಎಂದರೆ ಮೂರು ದಾರಿ ಕೂಡುವ ಜಾಗ, ಉರ್ದುವಿನ ತಿರಾಹಾ. ಅದು ಎಲ್ಲರೂ ಓಡಾಡುವ ಜಾಗವಾದ್ದರಿಂದ ಅಲ್ಲಿಯದು ಎಂದರೆ ಸಾಮಾನ್ಯವಾದದ್ದು ಎಂದಾಯಿತು. ಕ್ರಮೇಣ ಕ್ಷುಲ್ಲಕ ಎಂಬ ಅರ್ಥ ಬಂತು. ಆದರೆ ಇದೇ ‘ಟ್ರಿವಿಯಂ’ ಎಂಬ ಹೆಸರನ್ನು ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ ಮತ್ತು ಭಾಷಣಕಲೆ ಎಂಬ ಮೊದಲ ಮೂರು ವಿದ್ಯೆಗಳಿಗೂ ಕೊಟ್ಟಿದ್ದರು. ಕ್ಷುಲ್ಲಕವೂ ಅದೇ, ವಿದ್ಯೆಯೂ ಅದೇ!

ಇನ್ನು ಟ್ರಿಲಿಯನ್. ಬಜೆಟ್ ಸುದ್ದಿಯಲ್ಲಿ ಕೇಳಿರುತ್ತೀರಿ. 1ರ ಮುಂದೆ 12 ಸೊನ್ನೆ, ನಮ್ಮ ಲೆಕ್ಕದಲ್ಲಿ 1 ಲಕ್ಷ ಕೋಟಿ. ಇದರಲ್ಲಿ ಮೂರು ಎಲ್ಲಿದೆ? ಮಿಲಿಯನ್ ಎಂದರೆ 10 ಲಕ್ಷ, 6 ಸೊನ್ನೆ. ಹಳೆಯ ಎಣಿಕೆಯಲ್ಲಿ ಮೂರು ಮಿಲಿಯನ್‌ಗಳನ್ನು ಒಂದಕ್ಕೊಂದು ಗುಣಿಸಿದರೆ ಟ್ರಿಲಿಯನ್, ಅಂದರೆ 18 ಸೊನ್ನೆ. ಅಮೆರಿಕದವರು ಸಾವಿರದ ನಂತರ ಮತ್ತೆ ಮೂರು ಸಲ ಸಾವಿರದಿಂದ ಗುಣಿಸಿ 12 ಸೊನ್ನೆಗೆ ಆ ಹೆಸರನ್ನು ಬಳಸಿದರು. ಬ್ರಿಟನ್ ಸರ್ಕಾರವೂ 1974ರಲ್ಲಿ ಈ ಕ್ರಮವನ್ನೇ ಒಪ್ಪಿಕೊಂಡಿತು. ಆದ್ದರಿಂದ ಹಳೆಯ ಇಂಗ್ಲಿಷ್ ಪುಸ್ತಕ ಓದುವಾಗ ಎಚ್ಚರವಿರಲಿ.

ಎಚ್ಚರ ಎಂದಾಗ ಇನ್ನೆರಡು ಮಾತು ಹೇಳಲೇಬೇಕು. ಒಂದು, ‘ಟ್ರೈ’ ಇದ್ದ ಮಾತ್ರಕ್ಕೆ ಅರ್ಥ ಖಚಿತ ಎನ್ನುವಂತಿಲ್ಲ. ಟ್ರೈವೀಕ್ಲಿ ಎಂದರೆ ವಾರಕ್ಕೆ ಮೂರು ಸಲ ಎಂದೂ ಆಗುತ್ತದೆ, ಮೂರು ವಾರಕ್ಕೊಮ್ಮೆ ಎಂದೂ ಆಗುತ್ತದೆ. ಸಂದರ್ಭ ನೋಡಿಯೇ ತಿಳಿಯಬೇಕು. ಎರಡು, ಟಿ-ಆರ್-ಐ ಎಂದು ಆರಂಭವಾಗುವ ಎಲ್ಲ ಪದಗಳಲ್ಲೂ ಮೂರು ಇರುವುದಿಲ್ಲ. ಟ್ರಿಕ್, ಟ್ರಿಪ್, ಟ್ರಿಮ್ ಇವುಗಳಲ್ಲಿ ಇಲ್ಲ. ಟ್ರಯಲ್ ಎಂಬುದು ಪ್ರಯತ್ನಿಸು, ಪರೀಕ್ಷಿಸು ಎಂಬರ್ಥದ ಪದದಿಂದ ಬಂದದ್ದು. ಬಂದೂಕಿನ ಟ್ರಿಗರ್ ‘ಎಳೆ’ ಎಂಬರ್ಥದ ಡಚ್ ಪದದಿಂದ ಬಂದದ್ದು. ಹಾಗಾದರೆ ಗುರುತಿಸುವುದು ಹೇಗೆ? ‘ಟ್ರೈ’ ತೆಗೆದ ಮೇಲೆ ಉಳಿದ ತುಂಡಿಗೆ ಅರ್ಥವಿದೆಯೇ ಎಂದು ಕೇಳಿಕೊಳ್ಳಿ. ಸೈಕಲ್, ಆ್ಯಂಗಲ್, ಕಲರ್ ಉಳಿದರೆ ಅರ್ಥವಿದೆ. ‘ಟ್ರಿಕ್’ನಲ್ಲಿ ‘ಕ್’ ಉಳಿದರೆ ಏನೂ ಇಲ್ಲ. ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ಅನುಮಾನ ಬಂದರೆ ನಿಘಂಟು ತೆರೆಯಿರಿ.

ಈಗ ಆ ಹುಡುಗಿಯ ಪ್ರಶ್ನೆಯ ತಿರುಳಿಗೆ ಬರೋಣ. ‘ಟ್ರೈ’ಯೂ ‘ತ್ರಿ’ಯೂ ‘ಸೆಹ್’ಊ ಒಂದೇ ಆದದ್ದು ಹೇಗೆ? ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಎಂಬ ವಿದ್ವಾಂಸ ಭಾರತಕ್ಕೆ ಬರುವ ಮೊದಲೇ ಫಾರಸಿ ಕಲಿತು ಅದರ ವ್ಯಾಕರಣ ಬರೆದಿದ್ದ. ಇಲ್ಲಿ ಸಂಸ್ಕೃತ ಕಲಿತ. 1786ರ ಫೆಬ್ರುವರಿಯಲ್ಲಿ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು, ಹಳೆಯ ಫಾರಸಿಯನ್ನೂ ಈ ಕುಟುಂಬಕ್ಕೆ ಸೇರಿಸಬಹುದು ಎಂದು ಹೇಳಿದ. ಮುಂದಿನ ವಿದ್ವಾಂಸರು ಅದನ್ನು ಖಚಿತಪಡಿಸಿದರು. ಇಂಗ್ಲಿಷಿನ ‘ತ್ರೀ’ಯೂ ಆ ಮನೆಯದೇ. ಅಕ್ಕತಂಗಿಯರು ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದಂತೆ ಈ ಪದಗಳು ಹೋಗಿವೆ. ಉಡುಗೆ ಬದಲಾಗಿದೆ, ಮುಖದ ಹೋಲಿಕೆ ಉಳಿದಿದೆ.

ಕನ್ನಡದ ‘ಮೂರು’ ಈ ಮನೆಯದಲ್ಲ. ಅದು ತಮಿಳಿನ ‘ಮೂನ್ರು’, ತೆಲುಗಿನ ‘ಮೂಡು’ಗಳ ಜೊತೆಯ ದ್ರಾವಿಡ ಪದ. ಅರಬ್ಬಿಯ ‘ಸಲಾಸಾ’ ಕೂಡ ಬೇರೆ ಮನೆಯದು. ಅದರಿಂದ ಉರ್ದುವಿಗೆ ಬಂದದ್ದು ‘ಮುಸಲ್ಲಸ್’, ಅಂದರೆ ತ್ರಿಕೋನ. ‘ಸಾಲಿಸ್’ ಎಂದರೆ ಮೂರನೆಯವನು. ಇಬ್ಬರ ಜಗಳದಲ್ಲಿ ಮಧ್ಯಸ್ಥಿಕೆ ಮಾಡುವ ವ್ಯಕ್ತಿಗೂ ಅದೇ ಹೆಸರು.

ಲೆಕ್ಕ ಹಾಕಿ ನೋಡಿ. ಮೂರು, ತ್ರಿ, ತೀನ್, ಸೆಹ್, ಸಾಲಿಸ್. ಇಂಗ್ಲಿಷ್ ತರಗತಿಯ ಬಾಗಿಲು ದಾಟುವ ಮೊದಲೇ ನಿಮ್ಮ ಬಳಿ ಇಷ್ಟು ‘ಮೂರು’ಗಳಿವೆ. ಹೀಗಿದ್ದೂ ನಮ್ಮ ಮಕ್ಕಳು ‘ನಾವು ಉರ್ದು ಮೀಡಿಯಂನವರು, ನಮಗೆ ಇಂಗ್ಲಿಷ್ ಬರುವುದಿಲ್ಲ’ ಎಂದು ತಲೆ ತಗ್ಗಿಸುತ್ತಾರೆ. ಪೋಷಕರೂ ಮನೆಯ ಭಾಷೆಯೇ ಇಂಗ್ಲಿಷಿಗೆ ಅಡ್ಡಿ ಎಂದು ತಿಳಿಯುತ್ತಾರೆ. ಯಾವ ಮಾಧ್ಯಮ ಒಳ್ಳೆಯದು ಎಂಬ ಚರ್ಚೆ ನನಗೆ ಇಲ್ಲಿ ಬೇಡ. ನಾನು ಹೇಳುವುದು ಇಷ್ಟೇ: ಉರ್ದು, ಕನ್ನಡ ಬಲ್ಲ ಮಗು ಇಂಗ್ಲಿಷಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಬರಿಗೈ ಎಂದು ಅದಕ್ಕೆ ನಂಬಿಸುವವರು ನಾವು, ದೊಡ್ಡವರು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಇಂಗ್ಲಿಷ್, ಕನ್ನಡ, ಉರ್ದು. ‘ಟ್ರೈ’ಯಿಂದ ಆರಂಭಿಸಿ ನಾಲ್ಕಕ್ಕೆ ಹೋಗಿ, ಏಳಕ್ಕೆ ಹೋಗಿ. ಏಳಕ್ಕೆ ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’, ಸಂಸ್ಕೃತದಲ್ಲಿ ‘ಸಪ್ತ’, ಫಾರಸಿಯಲ್ಲಿ ‘ಹಫ್ತ್’. ಏಳು ದಿನದ ವಾರಕ್ಕೆ ‘ಹಫ್ತಾ’ ಎಂದು ಏಕೆ ಕರೆಯುತ್ತೇವೆ ಎಂಬುದು ನಿಮಗೇ ಹೊಳೆಯುತ್ತದೆ. ಹೀಗೆ ತಾನಾಗಿ ಹೊಳೆದ ಪದವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅದು ಮರೆಯುವುದೂ ಇಲ್ಲ.

ಕೊನೆಯದಾಗಿ ಆ ಹುಡುಗಿಯ ವಿಷಯ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ದಿನವೇ ‘ನೀನು ಹೇಳಿದ್ದೇ ಸರಿ’ ಎಂದು ಎಲ್ಲರೆದುರು ಹೇಳಬೇಕು ಎಂದುಕೊಂಡು ಒಂಬತ್ತನೆಯ ತರಗತಿಗೆ ಹೋದೆ. ಅವಳ ಮನೆಯವರು ರಜೆಯಲ್ಲೇ ಟಿ.ಸಿ. ಪಡೆದು ಬೇರೆ ಊರಿಗೆ ಹೋಗಿದ್ದರು. ಅವಳು ಮುಂದೆ ಓದಿದಳೋ ಇಲ್ಲವೋ ನನಗೆ ತಿಳಿಯದು. ಅವಳಿಗೆ ಹೇಳಬೇಕಾಗಿದ್ದ ಮಾತನ್ನು ನಿಮಗೆ ಹೇಳುತ್ತಿದ್ದೇನೆ. ತರಗತಿಯಲ್ಲಿ ನಿಮಗೆ ಏನಾದರೂ ಹೊಳೆದರೆ ಎದ್ದು ನಿಂತು ಕೇಳಿ. ಯಾರು ನಕ್ಕರೂ ಕೇಳಿ. ಟೀಚರ್ ‘ಕುಳಿತುಕೋ’ ಎಂದರೆ ಮರುದಿನ ಮತ್ತೆ ಕೇಳಿ. ಸಹೋದ್ಯೋಗಿ ಮಿತ್ರರಲ್ಲಿಯೂ ನನ್ನ ವಿನಂತಿ: ಮಗು ಒಂದು ಭಾಷೆಯ ಕೈ ಹಿಡಿದು ಇನ್ನೊಂದಕ್ಕೆ ಬರುತ್ತಿದ್ದರೆ ದಯವಿಟ್ಟು ತಡೆಯಬೇಡಿ.