ತೊಟ್ಟಿಲು ಕೊಳ್ಳುವವರ ಲೆಕ್ಕ

ಶ್ರಾವಣದಲ್ಲಿ ಉರುಕುಂದ ಈರಣ್ಣ ಸ್ವಾಮಿಗೆ ನಡೆದುಕೊಳ್ಳುವವರು, ಪುಷ್ಯ ಮಾಸದಲ್ಲಿ ಎಮ್ಮಿಗನೂರಿನ ನೀಲಕಂಠೇಶ್ವರ ಜಾತ್ರೆಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ದರ್ಶನ ಆಯಿತು, ಮಂಡಕ್ಕಿ ಮಿರ್ಚಿ ಆಯಿತು, ಇನ್ನು ಮಕ್ಕಳ ಕಾಟ ತಡೆಯಲಾಗದೆ ದೊಡ್ಡ ತೊಟ್ಟಿಲ ಕಡೆಗೆ ನಡೆಯಲೇಬೇಕು. ಅದಕ್ಕೆ ಜೈಂಟ್ ವೀಲ್ ಎನ್ನುವವರೂ ಉಂಟು, ತೆಲುಗಿನವರ ಹಾಗೆ ರಂಗುಲ ರಾಟ್ನಂ ಎನ್ನುವವರೂ ಉಂಟು. ಪಕ್ಕದಲ್ಲೇ ಕೊಲಂಬಸ್ ದೋಣಿ, ಬ್ರೇಕ್ ಡ್ಯಾನ್ಸ್, ಚಿಕ್ಕ ಮಕ್ಕಳ ಕುದುರೆ ಗಾಡಿ. ಇಷ್ಟನ್ನೂ ಒಬ್ಬರು ದುಡ್ಡು ಕೊಟ್ಟು ಕೊಂಡು ತಂದಿರುತ್ತಾರೆ. ಯಾವುದನ್ನು ಕೊಳ್ಳಬೇಕು, ಎಷ್ಟು ಕೊಟ್ಟರೆ ಗಿಟ್ಟುತ್ತದೆ ಎಂದು ಅವರು ಹೇಗೆ ನಿರ್ಧರಿಸುತ್ತಾರೆ? ಬಿಡದಿಯ ವಂಡರ್‌ಲಾದಂಥ ದೊಡ್ಡ ಪಾರ್ಕಿನವರು ಹೇಗೆ ನಿರ್ಧರಿಸುತ್ತಾರೆ? ಈ ಹೊತ್ತಿನ ಮಾತು ಅದರ ಮೇಲೆ.

ಮೊದಲು ಜಾತ್ರೆಯ ಬಯಲಿಗೇ ಹೋಗೋಣ. ತೊಟ್ಟಿಲಿಗೆ ಜನ ಹತ್ತಿಸುವುದನ್ನು ಗಮನವಿಟ್ಟು ನೋಡಿ. ಕೆಳಗೆ ನಿಂತ ಹುಡುಗ ಒಂದು ಪೆಟ್ಟಿಗೆ ತುಂಬಿಸಿ ಸರಳು ಹಾಕಿದ ಮೇಲೆ ಅದರ ಪಕ್ಕದ ಪೆಟ್ಟಿಗೆಯನ್ನು ತುಂಬಿಸುವುದಿಲ್ಲ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಎದುರು ಬದಿಯ ಪೆಟ್ಟಿಗೆಯನ್ನು ಕೆಳಗೆ ತರಿಸಿ ಅದನ್ನು ತುಂಬಿಸುತ್ತಾನೆ. ಒಂದೇ ಕಡೆ ಭಾರ ಬಿದ್ದರೆ ಚಕ್ರ ಎಳೆಯುತ್ತದೆ, ಮೋಟಾರಿಗೂ ಬೇರಿಂಗಿಗೂ ಪೆಟ್ಟು. ಹೀಗೆ ಹನ್ನೆರಡು ಪೆಟ್ಟಿಗೆ ತುಂಬಿಸಲು ಒಂದಕ್ಕೆ ಅರ್ಧ ನಿಮಿಷವಾದರೂ ಆರು ನಿಮಿಷ ಹೋಯಿತು. ಆಮೇಲೆ ಮೂರು ನಿಮಿಷ ತಿರುಗುವುದು. ಪೆಟ್ಟಿಗೆಗೆ ನಾಲ್ವರಂತೆ 48 ಜನ, ಒಂಬತ್ತು ನಿಮಿಷ. ತಾಸಿಗೆ ಹೆಚ್ಚೆಂದರೆ 320 ಮಂದಿ.

ಕೊಲಂಬಸ್ ದೋಣಿಗೆ ಈ ತಾಪತ್ರಯವಿಲ್ಲ. ನಲವತ್ತು ಜನ ಒಟ್ಟಿಗೆ ಹತ್ತುತ್ತಾರೆ, ಒಟ್ಟಿಗೆ ಇಳಿಯುತ್ತಾರೆ. ಹತ್ತಿ ಇಳಿಯಲು ಮೂರು ನಿಮಿಷ, ಆಟ ಮೂರು ನಿಮಿಷ ಎಂದರೆ ತಾಸಿಗೆ ಹತ್ತು ಸಲ, 400 ಜನ. ಸೀಟು ಕಡಿಮೆ, ದುಡಿಮೆ ಹೆಚ್ಚು. ಜಾತ್ರೆಯಲ್ಲಿ ನಿಜವಾದ ಗಿರಾಕಿ ಬರುವುದು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ. ಆ ನಾಲ್ಕು ತಾಸಿನಲ್ಲಿ ಎಷ್ಟು ಜನರನ್ನು ಹತ್ತಿಸಿ ಇಳಿಸಬಹುದು ಎಂಬುದರ ಮೇಲೆಯೇ ರೈಡ್‌ನ ಯೋಗ್ಯತೆ ನಿಂತಿದೆ. ಹಾಗಿದ್ದೂ ತೊಟ್ಟಿಲನ್ನು ಯಾರೂ ಕೈಬಿಡುವುದಿಲ್ಲ. ಊರಾಚೆ ಎರಡು ಮೈಲಿಯಿಂದ ಕಾಣುವ ಅದರ ದೀಪವೇ ಜನರನ್ನು ಕರೆತರುತ್ತದೆ. ಹಾಗೆ ಬಂದ ಜನ ದೋಣಿಗೂ ಟಿಕೆಟ್ ಕೊಳ್ಳುತ್ತಾರೆ. ಒಂದು ರೈಡ್ ಕರೆಯುತ್ತದೆ, ಇನ್ನೊಂದು ದುಡಿಯುತ್ತದೆ. ಕೊಳ್ಳುವವರಿಗೆ ಇವೆರಡರ ವ್ಯತ್ಯಾಸ ಗೊತ್ತಿರಬೇಕು.

ನಮ್ಮ ಆದೋನಿ ಕಡೆಯವರಿಗೆ ಇನ್ನೊಂದು ಖರ್ಚೂ ಉಂಟು. ಆದೋನಿ ಹತ್ತಿಗೆ ಹೆಸರಾದದ್ದು ಎರೆ ಭೂಮಿಯಿಂದ. ಆದರೆ ಹತ್ತಿಗೆ ಒಳ್ಳೆಯದಾದ ಆ ಕರಿ ಮಣ್ಣು ಕಬ್ಬಿಣದ ಚಕ್ರಕ್ಕೆ ಒಳ್ಳೆಯದಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಜಾತ್ರೆಯ ತೊಟ್ಟಿಲು ಮರದ ದಿಮ್ಮಿಗಳ ಮೇಲೆ ನಿಲ್ಲುವಂಥದ್ದು. ಒಂದು ರಾತ್ರಿ ಜೋರು ಮಳೆ ಬಿದ್ದರೆ ಬೆಳಗ್ಗೆ ಒಂದು ಕಾಲು ಎರಡು ಬೆರಳು ಕುಸಿದಿರಬಹುದು. ಹಾಗಾಗಿ ದಿನವೂ ಮಟ್ಟ ನೋಡಬೇಕು. ಇಂಥ ನೆಲದಲ್ಲಿ ಕಾಯಂ ರೈಡ್ ನಿಲ್ಲಿಸುವುದಾದರೆ ಕರಿ ಮಣ್ಣನ್ನು ತೆಗೆದು ಗರಸು ತುಂಬಬೇಕು, ಇಲ್ಲವೇ ಗಟ್ಟಿ ಪದರ ಸಿಗುವವರೆಗೆ ಅಡಿಪಾಯ ಇಳಿಸಬೇಕು. ರೈಡ್ ಮಾರುವವರು ಹೇಳುವ ಬೆಲೆಯಲ್ಲಿ ಈ ಖರ್ಚು ಇರುವುದೇ ಇಲ್ಲ.

ಈಗ ದೊಡ್ಡ ಪಾರ್ಕಿಗೆ ಬರೋಣ. ನಮ್ಮ ಶಾಲೆ ಮಕ್ಕಳು ಎಕ್ಸ್‌ಕರ್ಷನ್ ಎಂದು ಹೋಗುವುದು ಹೆಚ್ಚಾಗಿ ಬಿಡದಿಯ ವಂಡರ್‌ಲಾಕ್ಕೆ, ಇಲ್ಲವೇ ಹೈದರಾಬಾದಿನದಕ್ಕೆ. ವಿ-ಗಾರ್ಡ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂದು ಆರಂಭಿಸಿದ್ದು ಇದರ ಮೂಲ. ಬಿಡದಿಯದು 2005ರಲ್ಲಿ, ಹೈದರಾಬಾದಿನದು 2016ರಲ್ಲಿ, ಭುವನೇಶ್ವರದ್ದು 2024ರಲ್ಲಿ ತೆರೆಯಿತು.

ಇಲ್ಲಿ ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಒಳಗೆ ಎಷ್ಟು ಸಲ ಬೇಕಾದರೂ ಆಡಬಹುದು. ಆದ್ದರಿಂದ ಜಾತ್ರೆಯವರ ಹಾಗೆ ಈ ದೋಣಿ ಇವತ್ತು ಇಷ್ಟು ಗಳಿಸಿತು ಎಂದು ಎಣಿಸಲು ಬರುವುದಿಲ್ಲ. ಹೊಸ ರೈಡ್ ತಂದರೆ ಬಾಗಿಲಿಗೆ ಎಷ್ಟು ಜನ ಹೆಚ್ಚು ಬಂದರು, ಒಳಗಿನ ಸಾಲು ಎಷ್ಟು ಕರಗಿತು, ಮನೆಗೆ ಹೋದವರು ಮುಂದಿನ ವರ್ಷ ಮತ್ತೆ ಬಂದರೇ ಎಂದು ನೋಡಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಾರ್ಕಿನಲ್ಲಿ 5,000 ಜನ ಇದ್ದಾರೆ, ಎಲ್ಲ ರೈಡ್‌ಗಳೂ ಸೇರಿ ತಾಸಿಗೆ 7,500 ಜನರನ್ನು ಆಡಿಸಬಲ್ಲವು. ಅಂದರೆ ತಲೆಗೆ ತಾಸಿಗೆ ಒಂದೂವರೆ ಆಟ. ಆ 7,500 ಎಂಬುದು 5,000ಕ್ಕೆ ಇಳಿದರೆ ತಾಸಿಗೆ ಒಂದೇ ಆಟ, ಉಳಿದ ಹೊತ್ತೆಲ್ಲ ಬಿಸಿಲಲ್ಲಿ ಸಾಲು. ಆಗ ಹತ್ತಾರು ಕೋಟಿಯ ರೋಲರ್ ಕೋಸ್ಟರ್ ತಂದು ಹಾಕಿದರೂ ಜನರ ಗೊಣಗಾಟ ನಿಲ್ಲುವುದಿಲ್ಲ, ಏಕೆಂದರೆ ಅದರದ್ದೇ ಸಾಲು ಎಲ್ಲಕ್ಕಿಂತ ಉದ್ದ. ಅದೇ ದುಡ್ಡಿನ ಒಂದು ಪಾಲಿಗೆ ನಾಲ್ಕು ಸಾಧಾರಣ ರೈಡ್ ಬರುತ್ತವೆ, ಅಜ್ಜಿ ಮೊಮ್ಮಗ ಕೂಡಿ ಕೂರುವಂಥವು. ಜಾಹೀರಾತಿಗೆ ಅವು ಚೆಂದ ಕಾಣುವುದಿಲ್ಲ. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಆಡುವುದು ಅವುಗಳಲ್ಲೇ. ಪಾರ್ಕು ನಡೆಸುವ ಜಾಣತನವನ್ನು ನಾನು ಇಂಥ ಸಾಧಾರಣ ರೈಡ್‌ಗಳ ಆಯ್ಕೆಯಲ್ಲೇ ಕಾಣುತ್ತೇನೆ.

ಕೋಸ್ಟರ್ ಬೇಕೇ ಬೇಕು ಎಂದಾಗಲೂ ದಾರಿ ಇದೆ. ಬಿಡದಿಯಲ್ಲಿ ರಿಕಾಯ್ಲ್ ಎಂಬ ಕೋಸ್ಟರ್ ಉಂಟು. ಗಾಡಿಯನ್ನು ಮೊದಲು ಹಿಂದಕ್ಕೆ ಎಳೆದು ಮೇಲೇರಿಸುತ್ತಾರೆ, ಬಿಟ್ಟರೆ ಮುಂದಕ್ಕೆ ನುಗ್ಗಿ ಮೂರು ಸಲ ತಲೆಕೆಳಗಾಗುತ್ತದೆ, ಆಚೆ ತುದಿಯ ಏರಿನಿಂದ ಮತ್ತೆ ಹಿಂದಕ್ಕೆ ಜಾರಿ ಅದೇ ದಾರಿಯಲ್ಲಿ ಇನ್ನೂ ಮೂರು ಸಲ. ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿಯ ಬೂಮರಾಂಗ್ ಎಂಬ ಮಾದರಿ ಇದು. 1984ರಿಂದ ಇದೇ ನಕ್ಷೆಯಲ್ಲಿ ಜಗತ್ತಿನಾದ್ಯಂತ ಐವತ್ತಕ್ಕೂ ಹೆಚ್ಚು ಕಟ್ಟಿದ್ದಾರೆ. ಹೊಸದಾಗಿ ನಕ್ಷೆ ಬರೆಸುವ ಖರ್ಚಿಲ್ಲ. ಹಳಿ ಅರ್ಧ, ಜಾಗ ಕಡಿಮೆ, ಆಟ ದುಪ್ಪಟ್ಟು. ಎಲ್ಲಿ ಏನು ಸವೆಯುತ್ತದೆ ಎಂಬುದನ್ನು ಮೊದಲು ಕೊಂಡವರು ಅನುಭವಿಸಿ ತಿಳಿದಿರುತ್ತಾರೆ, ಬಿಡಿಭಾಗವೂ ಸಿಗುತ್ತದೆ. ಬೇರೆಲ್ಲೂ ಇಲ್ಲದ್ದು ನಮಗೇ ಬೇಕು ಎನ್ನುವವರು ಆ ಹೆಮ್ಮೆಗೆ ಬೇರೆಯೇ ಬೆಲೆ ತೆರಬೇಕು.

ಇನ್ನೊಂದು ದಾರಿ ತಾವೇ ಕಟ್ಟುವುದು. ಕೊಚ್ಚಿಯಲ್ಲಿ ವಂಡರ್‌ಲಾದವರಿಗೆ ತಮ್ಮದೇ ವರ್ಕ್‌ಶಾಪ್ ಇದೆ, ಹಲವು ರೈಡ್‌ಗಳನ್ನು ಅಲ್ಲೇ ಮಾಡಿಕೊಳ್ಳುತ್ತಾರೆ. 1991ರಲ್ಲಿ ಆರಂಭವಾದ ಕೋಲ್ಕತ್ತದ ನಿಕ್ಕೊ ಪಾರ್ಕಿನವರು ಬೇರೆ ಪಾರ್ಕುಗಳಿಗೂ ರೈಡ್ ಮಾಡಿಕೊಟ್ಟಿದ್ದಾರೆ. ಆಮದು ಸುಂಕ, ಹಡಗಿನ ಬಾಡಿಗೆ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಕಟ್ಟಿದ ಕೈಯೇ ರಿಪೇರಿಗೂ ಇರುವುದು. ಹೊರದೇಶದ ಯಂತ್ರದ ಒಂದು ಸೆನ್ಸರ್ ಕೆಟ್ಟು ಬೇಸಿಗೆ ರಜೆಯಲ್ಲಿ ಮೂರು ವಾರ ರೈಡ್ ನಿಂತರೆ ಆ ನಷ್ಟಕ್ಕೆ ಯಾವ ವಾರಂಟಿಯೂ ಆಗಿಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ರೈಡ್‌ಗೂ ದೊಡ್ಡ ಸಂತೆಯೇ ಇದೆ. ಎಮ್ಮಿಗನೂರಿನ ದನದ ಜಾತ್ರೆಯಲ್ಲಿ ತಿಳಿದವರು ಎತ್ತಿನ ಬಣ್ಣಕ್ಕೆ ಮರುಳಾಗದೆ ಬಾಯಿ ತೆರೆಸಿ ಹಲ್ಲು ನೋಡುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಹೊಸ ಪೇಂಟ್ ಹೊಡೆದ ಕಬ್ಬಿಣವನ್ನು ನಂಬಬಾರದು. ಯಂತ್ರ ಎಷ್ಟು ತಾಸು ಓಡಿದೆ ಎಂಬ ಲಾಗ್ ಬುಕ್ ಇದೆಯೇ, ನಕ್ಷೆಗಳಿವೆಯೇ, ಮಾಡಿದ ಕಂಪನಿ ಇನ್ನೂ ಇದೆಯೇ ಎಂದು ಕೇಳಬೇಕು. ಆಮೇಲೆ ವೆಲ್ಡಿಂಗ್. ಅದಕ್ಕೊಂದು ಸುಲಭದ ಪರೀಕ್ಷೆ ಉಂಟು. ಜೋಡಣೆಯ ಜಾಗದಲ್ಲಿ ಪೇಂಟ್ ತೆಗೆದು, ಜಿಡ್ಡೊರೆಸಿ, ಕೆಂಪು ದ್ರವ ಸಿಂಪಡಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆದು, ಬಿಳಿ ಪುಡಿಯ ದ್ರವ ಹೊಡೆಯುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದಿದ್ದ ಕೆಂಪು ಮೇಲೆ ಬಂದು, ಬಿಳಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಬೇಕಾದದ್ದು ಮೂರು ಡಬ್ಬಿ ಮತ್ತು ತಿಳಿದ ಒಬ್ಬ ಮನುಷ್ಯ. ಇದು ತೋರಿಸುವುದು ಮೇಲ್ಮೈಗೆ ಬಂದ ಬಿರುಕನ್ನು ಮಾತ್ರ, ಒಳಗಿನದಕ್ಕೆ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಬೇಕು. ಭಾರತೀಯ ಮಾನಕ ಬ್ಯೂರೋ ರೈಡ್‌ಗಳಿಗೆಂದೇ ಐಎಸ್ 15475 ಎಂಬ ಮಾನಕ ಹೊರಡಿಸಿದೆ. ಕೊಳ್ಳುವವರು ಅದನ್ನು ಮುಂದಿಟ್ಟುಕೊಂಡೇ ಮಾತಿಗೆ ಕೂರಬೇಕು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯಂಗಳದಲ್ಲಿ ತೂಗಾಡುವ ರೈಡ್ ಒಂದು ಜನರ ಸಮೇತ ಮುರಿದು ಬಿತ್ತು. ಜೀವ ಹೋಯಿತು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಹಾಗಾದರೆ ಜನ ಅಗ್ಗದ ಯಂತ್ರವನ್ನೇ ಏಕೆ ಕೊಳ್ಳುತ್ತಾರೆ? ದುರಾಸೆ ಎಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಒಂದು ಲೆಕ್ಕ ಮಾಡೋಣ, ಅಂಕಿಗಳು ಲೆಕ್ಕಕ್ಕೆಂದೇ ಹಿಡಿದವು.

ಎರಡು ದೋಣಿ ಇವೆ ಎನ್ನಿ. ಒಂದಕ್ಕೆ 60 ಲಕ್ಷ, ಆರು ವರ್ಷ ಬಾಳುತ್ತದೆ, ವರ್ಷಕ್ಕೆ 6 ಲಕ್ಷ ರಿಪೇರಿ. ಇನ್ನೊಂದಕ್ಕೆ 90 ಲಕ್ಷ, ಹನ್ನೆರಡು ವರ್ಷ ಬಾಳುತ್ತದೆ, ರಿಪೇರಿ 3 ಲಕ್ಷ. ಕರೆಂಟು ಎರಡಕ್ಕೂ 2 ಲಕ್ಷ. ವರ್ಷಕ್ಕೆ 80,000 ಜನ ಹತ್ತುತ್ತಾರೆ. ಬೆಲೆಯನ್ನು ಆಯುಸ್ಸಿಗೆ ಹಂಚಿದರೆ ಅಗ್ಗದ ದೋಣಿಗೆ ವರ್ಷಕ್ಕೆ 18 ಲಕ್ಷ ಬೀಳುತ್ತದೆ, ತಲೆಗೆ ಇಪ್ಪತ್ತೆರಡೂವರೆ ರೂಪಾಯಿ. ದುಬಾರಿ ದೋಣಿಗೆ ಹನ್ನೆರಡೂವರೆ ಲಕ್ಷ, ತಲೆಗೆ ಹದಿನಾರು ರೂಪಾಯಿಯೂ ಇಲ್ಲ. ದುಬಾರಿಯದೇ ಲಾಭ.

ಈಗ ಬಡ್ಡಿ ಸೇರಿಸಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ 12. ಮೊದಲ ವರ್ಷ ಅಗ್ಗದ್ದಕ್ಕೆ ಒಟ್ಟು 25 ಲಕ್ಷ 20 ಸಾವಿರ, ದುಬಾರಿಯದಕ್ಕೆ 23 ಲಕ್ಷ 30 ಸಾವಿರ. ಈಗಲೂ ಒಳ್ಳೆಯ ಯಂತ್ರವೇ ಲಾಭ, ಅಂತರ ಮಾತ್ರ ಕಿರಿದಾಯಿತು. ಆದರೆ ಊರಿಂದೂರಿಗೆ ಅಲೆಯುವ ತೊಟ್ಟಿಲಿನವರಿಗೆ ಆ ಬಡ್ಡಿಗೆ ಸಾಲ ಕೊಡುವವರು ಯಾರು? ಇವತ್ತು ಉರುಕುಂದದಲ್ಲಿ, ನಾಳೆ ರಾಯಚೂರಿನ ಕಡೆ ಇರುವ ಕಬ್ಬಿಣದ ರಾಶಿಯನ್ನು ಅಡವಿಟ್ಟುಕೊಳ್ಳಲು ಬ್ಯಾಂಕಿಗೆ ಹಿಂಜರಿಕೆ. ಕೈಸಾಲವೆಂದರೆ ಎರಡು ರೂಪಾಯಿ ಬಡ್ಡಿ, ವರ್ಷಕ್ಕೆ 24. ಮತ್ತೆ ಕೂಡಿಸಿ. ಅಗ್ಗದ್ದಕ್ಕೆ 32 ಲಕ್ಷ 40 ಸಾವಿರ, ದುಬಾರಿಯದಕ್ಕೆ 34 ಲಕ್ಷ 10 ಸಾವಿರ. ಲೆಕ್ಕ ತಿರುಗಿ ಬಿತ್ತು. ಅದೇ ದೋಣಿ, ಅದೇ ಜನ, ಬಡ್ಡಿಯೊಂದು ಬದಲಾದದ್ದಕ್ಕೆ ಕಳಪೆ ಯಂತ್ರ ಕೊಳ್ಳುವುದೇ ಜಾಣತನವಾಯಿತು. ನಮ್ಮ ಮಕ್ಕಳು ಕೂರುವ ಸೀಟಿನ ಗಟ್ಟಿತನವನ್ನು ಎಷ್ಟೋ ಸಲ ತೀರ್ಮಾನಿಸುವುದು ಬಡ್ಡಿಯ ದರ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸಂಕಟ ತರುವ ಮಾತು ಇದು.

ದೊಡ್ಡವರನ್ನೂ ಸಾಲ ಬಿಟ್ಟಿಲ್ಲ. ಮುಂಬೈ–ಪುಣೆ ದಾರಿಯ ಖೋಪೋಲಿ ಬಳಿ 2013ರಲ್ಲಿ ತೆರೆದ ಇಮ್ಯಾಜಿಕಾ ಪಾರ್ಕಿನ ನೈಟ್ರೋ ಕೋಸ್ಟರ್ ಸ್ವಿಟ್ಜರ್‌ಲ್ಯಾಂಡಿನ ಬೊಲಿಗರ್ ಆ್ಯಂಡ್ ಮಬಿಲಾರ್ಡ್ ಕಂಪನಿಯದು, ಜಗತ್ತಿನ ಒಳ್ಳೊಳ್ಳೆಯ ಪಾರ್ಕುಗಳಲ್ಲಿ ಇರುವಂಥದ್ದು. ಆದರೆ ಎಣಿಸಿದಷ್ಟು ಜನ ಬರಲಿಲ್ಲ, ಸಾಲ ತೀರಲಿಲ್ಲ, 2022ರಲ್ಲಿ ಪಾರ್ಕು ಮಲ್ಪಾನಿ ಗುಂಪಿನ ಕೈಗೆ ಹೋಯಿತು. ಟಿಕೆಟ್ಟಿನ ಮೇಲಿನ ತೆರಿಗೆಯೂ ಹೊರೆಯೇ ಆಗಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಶೇಕಡ 28 ಇದ್ದದ್ದು 2018ರ ಜನವರಿಯಲ್ಲಿ 18ಕ್ಕೆ ಇಳಿಯಿತು.

ಬಡ್ಡಿಯ ಜೊತೆಗೆ ಜಾತ್ರೆಯವರನ್ನು ಹಿಂಡುವುದು ಜಾಗದ ಹರಾಜು. ಬಯಲನ್ನು ಹೆಚ್ಚು ಕೂಗಿದವರಿಗೆ ಕೊಡುವುದು ರೂಢಿ. ಹೆಚ್ಚು ಕೂಗಿದವರು ಅದನ್ನು ಎಲ್ಲಿ ಉಳಿಸಬೇಕು? ಗ್ರೀಸಿನಲ್ಲಿ, ಪಿನ್ನಿನಲ್ಲಿ, ಕೆಲಸದ ಹುಡುಗರ ನಿದ್ದೆಯಲ್ಲಿ. ಇದನ್ನು ಸರಿಪಡಿಸಲು ದೊಡ್ಡ ಕಾನೂನೇ ಬೇಕೆಂದಿಲ್ಲ. ದೇವಸ್ಥಾನದ ಆಡಳಿತದವರು, ಪಂಚಾಯ್ತಿಯವರು ಹರಾಜಿನ ಕರಾರಿನಲ್ಲಿ ಎರಡು ಸಾಲು ಸೇರಿಸಬಹುದು. ಆ ವರ್ಷದ ವೆಲ್ಡಿಂಗ್ ಪರೀಕ್ಷೆಯ ಕಾಗದ ಇಲ್ಲದ ರೈಡ್ ಬಯಲಿಗೆ ಇಳಿಯಕೂಡದು. ಕಾಗದ ಸರಿಯಾಗಿ ತಂದವರಿಗೆ ನೆಲಬಾಡಿಗೆಯಲ್ಲಿ ಇಂತಿಷ್ಟು ಬಿಡುವುದು. ಆಷಾಢವೆಂದರೆ ಯಂತ್ರಗಳು ಬಿಚ್ಚಿ ಬಿದ್ದಿರುವ ಹೊತ್ತು. ಪರೀಕ್ಷೆ ಮಾಡುವವರನ್ನು ಒಬ್ಬೊಬ್ಬರೇ ಕರೆಸುವ ಬದಲು ನಾಲ್ಕಾರು ತೊಟ್ಟಿಲಿನವರು ಕೂಡಿ ಆದೋನಿಗೆ ಒಂದು ವಾರ ಕರೆಸಿಕೊಂಡರೆ ಖರ್ಚು ಹಂಚಿಹೋಗುತ್ತದೆ, ಶ್ರಾವಣದ ಮೊದಲ ಸೋಮವಾರಕ್ಕೆ ಮುಂಚೆ ಕಾಗದ ಕೈಯಲ್ಲಿರುತ್ತದೆ.