ಕಿಲುಬು ಮತ್ತು ಕಾಲದ ಬಣ್ಣ

ಭಟ್ಕಳ, ಹೊನ್ನಾವರ, ಕುಮಟಾದ ಉಪ್ಪುಗಾಳಿಗೆ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ. ಅಜ್ಜಿಯ ಡಬ್ಬಿಯಲ್ಲಿ ಟಿಪ್ಪು ಕಾಲದ ಆನೆ ಕಾಸೋ, 1835ರ ಕಂಪನಿ ಕಾಲಾಣೆಯೋ ಸಿಕ್ಕರೆ ನಮ್ಮ ಕೈ ಮೊದಲು ಹೋಗುವುದು ಹುಣಸೆಹಣ್ಣಿಗೆ. ತಂಬಿಗೆಗೆ ಅದು ಸರಿ, ನಾಣ್ಯಕ್ಕಲ್ಲ. ಹುಳಿಯು ಕಿಲುಬಿನ ಜೊತೆಗೆ ಕಾಲ ಕೊಟ್ಟ ಕಂದು ಬಣ್ಣವನ್ನೂ ತಿನ್ನುತ್ತದೆ. ಆ ಕಂದು ಪದರ ಲೋಹಕ್ಕೆ ರಕ್ಷೆ; ಪುಡಿಪುಡಿಯಾಗಿ ಉದುರುವ ಹಸಿರೇ ರೋಗ.

ಹಾಗಾಗಿ ನಾಣ್ಯವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ನೀರು ಬದಲಿಸುತ್ತ, ಮೆತ್ತಗಾದ ಕಿಲುಬನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಇಡಿ.

ಮನಸ್ಸಿಗೂ ಇದೇ ಮಾತು. ಹಗೆಯ ಕಿಲುಬನ್ನು ತಾಳ್ಮೆಯಿಂದ ತೆಗೆಯೋಣ. ಬದುಕು ಕೊಟ್ಟ ಬಣ್ಣವನ್ನು ಉಳಿಸಿಕೊಳ್ಳೋಣ.