ಹಾಸ್ಟೆಲ್ ದೆವ್ವಕ್ಕೆ ‘ನಾಳೆ ಬಾ’ ಅಂದವರು ನಾವು

ಹೆಡ್‌ಫೋನ್ ಹಾಕ್ಕೊಂಡಿದ್ದೀರಾ? ರಾತ್ರಿ ಕೇಳ್ತಿದ್ರೆ ಲೈಟ್ ಆನ್ ಇರಲಿ. ಇವತ್ತು ದೆವ್ವದ ಕಥೆ. ಅದೂ ಹಾಸ್ಟೆಲ್ ದೆವ್ವ.

ನಾನು ಡಿಗ್ರಿ ಓದಿದ್ದು ಮಲೆನಾಡಿನ ಒಂದು ಊರಲ್ಲಿ. ಕಾಲೇಜಿನ ಹೆಸರು ಬೇಡ ಬಿಡಿ. ಹಾಸ್ಟೆಲ್ ಸೇರಿ ಎರಡನೇ ವಾರ. ಜೋರು ಮಳೆ, ಕರೆಂಟ್ ಇಲ್ಲ. ಸೀನಿಯರ್ ಅಕ್ಕಂದಿರು ನಮ್ಮನ್ನೆಲ್ಲ ಒಂದು ರೂಮಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿದ್ರು. ಎರಡನೇ ಮಹಡಿಯ ಕೊನೆಯ ರೂಮಿಗೆ ಯಾವಾಗಲೂ ಬೀಗ ಇರುತ್ತಲ್ಲ, ಅಲ್ಲಿ ಮುಂಚೆ ಒಬ್ಬ ಹುಡುಗಿ ಇದ್ದಳಂತೆ. ಒಂದು ರಾತ್ರಿ ಸತ್ತುಹೋದಳಂತೆ. ಯಾಕೆ ಅಂತ ಕೇಳಿದ್ರೆ ಒಬ್ಬರು ಲವ್ ಫೇಲ್ಯೂರ್ ಅಂದ್ರು, ಇನ್ನೊಬ್ಬರು ಪರೀಕ್ಷೆ ಫೇಲ್ ಆಗಿದ್ಲು ಅಂದ್ರು. ಒಂದು ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು: ರಾತ್ರಿ ಎರಡು ಗಂಟೆ ಮೇಲೆ ಆ ಕಡೆಯ ಬಾತ್‌ರೂಮಿಂದ ಅಳೋ ಸದ್ದು ಬರುತ್ತೆ. ಬಂದ್ರೆ ಬಾಗಿಲು ತೆಗೀಬಾರದು.

ಮಾರನೇ ದಿನ ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದ್ವಿ. ಈ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. 1990ರ ದಶಕದಲ್ಲಿ ಬೆಂಗಳೂರಲ್ಲಿ, ಸುತ್ತಮುತ್ತಲ ಊರುಗಳಲ್ಲಿ ಮನೆ ಬಾಗಿಲ ಮೇಲೆಲ್ಲ ಇದನ್ನೇ ಬರೆದಿದ್ದರು. ರಾತ್ರಿ ಒಂದು ದೆವ್ವ ಬಂದು ನಮ್ಮವರದ್ದೇ ಧ್ವನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದ್ರೆ ಕಥೆ ಮುಗೀತು ಅನ್ನೋ ಸುದ್ದಿ. ‘ನಾಳೆ ಬಾ’ ಅಂತ ಬರೆದಿದ್ರೆ ಅದು ಓದಿ ವಾಪಸ್ ಹೋಗುತ್ತೆ. ನಾಳೆ ಬಂದು ಮತ್ತೆ ಅದನ್ನೇ ಓದುತ್ತೆ. 2018ರಲ್ಲಿ ಬಂದ ಹಿಂದಿಯ ‘ಸ್ತ್ರೀ’ ಸಿನಿಮಾಗೂ ಇದೇ ಕಥೆ ಸ್ಫೂರ್ತಿ.

ಸರಿ, ನಮ್ಮ ಹಾಸ್ಟೆಲ್‌ಗೆ ಬರೋಣ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ನನ್ನ ರೂಮ್‌ಮೇಟ್ ಮುಖ ಬಿಳಿಚಿಕೊಂಡು ಕೂತಿದ್ಲು. “ರಾತ್ರಿ ಎಚ್ಚರ ಆಯ್ತು ಕಣೆ, ಎದೆ ಮೇಲೆ ಯಾರೋ ಕೂತಿದ್ರು. ನಿನ್ನ ಕೂಗೋಣ ಅಂದ್ರೆ ಬಾಯೇ ಬರ್ತಿಲ್ಲ. ಕೈ ಎತ್ತೋಕಾಗ್ತಿಲ್ಲ” ಅಂದ್ಲು. ನಮಗೆ ಇನ್ನೇನು ಸಾಕ್ಷಿ ಬೇಕು? ದೆವ್ವ ರೂಮಿನ ಒಳಗೇ ಬಂದಿದೆ!

ಇದಕ್ಕೆ ‘ಸ್ಲೀಪ್ ಪ್ಯಾರಾಲಿಸಿಸ್’ ಅಂತಾರೆ ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. ಕನಸು ಬೀಳೋ ಹೊತ್ತಲ್ಲಿ ನಾವು ಎದ್ದು ಕೈಕಾಲು ಆಡಿಸದೇ ಇರಲಿ ಅಂತ ಮೆದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತೆ. ಕೆಲವೊಮ್ಮೆ ಎಚ್ಚರ ಮೊದಲು ಆಗುತ್ತೆ, ಮೈ ಆಮೇಲೆ ಬಿಡುತ್ತೆ. ಆ ಕೆಲವು ಸೆಕೆಂಡು, ಹೆಚ್ಚಂದ್ರೆ ಕೆಲವು ನಿಮಿಷ, ಕಣ್ಣು ತೆರೆದಿರುತ್ತೆ, ಕನಸೂ ಓಡ್ತಿರುತ್ತೆ. 1781ರಲ್ಲೇ ಹೆನ್ರಿ ಫ್ಯೂಸೆಲಿ ಅನ್ನೋ ಕಲಾವಿದ, ಮಲಗಿದ ಹೆಂಗಸಿನ ಎದೆ ಮೇಲೆ ಒಂದು ವಿಕಾರ ಜೀವಿ ಕೂತಿರೋ ಚಿತ್ರ ಬರೆದಿದ್ದ. ನಿದ್ದೆಗೆಟ್ಟವರಿಗೆ, ಮನಸ್ಸಲ್ಲಿ ಒತ್ತಡ ಇರೋರಿಗೆ ಇದು ಆಗೋದು ಜಾಸ್ತಿ.

ಆದ್ರೆ ಅವಳು ಯಾಕೆ ನಿದ್ದೆಗೆಟ್ಟಿದ್ದಾಳೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ದೆವ್ವ ಅಂದಮೇಲೆ ಮುಗೀತಲ್ಲ.

ಅದೇ ವಾರ ನನಗೂ ಆ ಸದ್ದು ಕೇಳಿಸ್ತು. ರಾತ್ರಿ ಎರಡು ಗಂಟೆ, ಬಾತ್‌ರೂಮ್ ಕಡೆಯಿಂದ ಸಣ್ಣಗೆ ಅಳೋ ಸದ್ದು. ಮೊದಲ ರಾತ್ರಿ ಹೊದಿಕೆ ತಲೆ ಮೇಲೆ ಎಳ್ಕೊಂಡೆ. ಎರಡನೇ ರಾತ್ರಿಯೂ ಅಷ್ಟೇ. ಮೂರನೇ ರಾತ್ರಿ ತಡೆಯೋಕಾಗದೆ ಪಕ್ಕದ ಮಂಚದಲ್ಲಿದ್ದ ರೂಮ್‌ಮೇಟ್ ಕೈ ಹಿಡ್ಕೊಳ್ಳೋಣ ಅಂತ ಕೈ ಚಾಚಿದೆ. ಮಂಚ ಖಾಲಿ ಇತ್ತು.

ಹೇಗೆ ಎದ್ದು ಹೋದೆನೋ ಗೊತ್ತಿಲ್ಲ. ಅವಳು ಬಾತ್‌ರೂಮಲ್ಲಿ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ಲು, ಕೈಯಲ್ಲಿ ಫೋನು. ಊರಲ್ಲಿ ಗಂಡು ನೋಡಿದ್ರು. ಈ ಸೆಮಿಸ್ಟರ್ ಸಾಕು, ಓದಿದ್ದು ಸಾಕು, ಗಂಟುಮೂಟೆ ಕಟ್ಕೊಂಡು ಬಾ ಅಂತ ಅಪ್ಪ ಹೇಳಿದ್ರು. ಹತ್ತು ದಿನದಿಂದ ಅವಳು ಸರಿಯಾಗಿ ಮಲಗಿರಲಿಲ್ಲ. “ಯಾಕೆ ನನಗೆ ಹೇಳಲಿಲ್ಲ?” ಅಂದೆ. “ನೀನು ದೆವ್ವದ ಕಥೆ ಬಿಟ್ಟು ಬೇರೆ ಏನಾದ್ರೂ ಕೇಳಿದ್ಯಾ?” ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ.

ಬೆಳಗ್ಗೆ ಇಬ್ಬರೂ ಅಡುಗೆಮನೆಗೆ ಹೋದ್ವಿ. ಅಡುಗೆಯ ಅಕ್ಕ ಆ ಹಾಸ್ಟೆಲ್‌ನಲ್ಲಿ ಎಲ್ಲರಿಗಿಂತ ಹಳಬರು. ಕೊನೆಯ ರೂಮಿನ ಹುಡುಗಿ ಹೇಗೆ ಸತ್ತಿದ್ದು ಅಕ್ಕ ಅಂತ ಕೇಳಿದೆ.

“ಯಾರು ಹೇಳಿದ್ದು ಮಾರಾಯ್ತಿ ಸತ್ತಳು ಅಂತ? ಮದುವೆ ಮಾಡ್ಬೇಕು ಅಂತ ಓದು ಬಿಡಿಸಿ ಕರ್ಕೊಂಡು ಹೋದ್ರು. ಹೋಗೋ ಮುಂಚೆ ದಿನಾ ರಾತ್ರಿ ಅಳ್ತಿತ್ತು, ಪಾಪ. ಆಮೇಲೊಂದ್ಸಲ ಮಾರ್ಕ್ಸ್ ಕಾರ್ಡ್ ತಗೊಳ್ಳೋಕೆ ಬಂದಿತ್ತು, ಮಗೂನ ಎತ್ಕೊಂಡು. ಆ ರೂಮು ಸೋರ್ತದೆ, ಅದಕ್ಕೆ ಬೀಗ. ಒಳಗೆ ಇರೋದು ಮುರಿದ ಮಂಚ.”

ಅಂದ್ರೆ ನಮ್ಮ ದೆವ್ವ ಬದುಕಿದ್ದಾಳೆ. ಅವಳ ಓದು ನಿಂತಿದ್ದನ್ನು ಕೇಳೋರು ಯಾರೂ ಇರಲಿಲ್ಲ. ಅವಳ ಅಳು ಮಾತ್ರ ಉಳೀತು, ನಮಗೆ ಕಥೆಯಾಯ್ತು.

ಅವತ್ತೇ ನಮ್ಮ ಕನ್ನಡ ಮೇಡಂಗೆ ಎಲ್ಲ ಹೇಳಿದ್ವಿ. ಅವರು ರೂಮ್‌ಮೇಟ್ ಅಪ್ಪನ ಜೊತೆ ಫೋನಲ್ಲಿ ಮಾತಾಡಿದ್ರು. ಒಂದೇ ಸಲಕ್ಕೆ ಒಪ್ಪಲಿಲ್ಲ. ನಾಲ್ಕೈದು ಸಲ ಮಾತಾಡಿದ ಮೇಲೆ ಡಿಗ್ರಿ ಮುಗಿಯೋವರೆಗೆ ಕಾಯ್ತೀವಿ ಅಂದ್ರು. ಅವಳು ಡಿಗ್ರಿ ಮುಗಿಸಿದ್ಲು. ಎದೆ ಮೇಲೆ ಕೂರೋ ದೆವ್ವ ಆಮೇಲೆ ಬರಲಿಲ್ಲ.

ಎಲ್ಲರಿಗೂ ಅಂಥ ಮೇಡಂ ಸಿಗಲ್ಲ, ಗೊತ್ತು. ಅದಕ್ಕೇ ಎರಡು ನಂಬರ್ ಹೇಳ್ತೀನಿ, ಸೇವ್ ಮಾಡ್ಕೊಳ್ಳಿ. ಮನಸ್ಸು ಭಾರ ಆಗಿದ್ರೆ ಟೆಲಿ ಮಾನಸ್, 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181.

ಮುಂದಿನ ವರ್ಷ ನಾವೇ ಸೀನಿಯರ್ ಆದ್ವಿ. ಮಳೆ ಬಂತು, ಕರೆಂಟ್ ಹೋಯ್ತು, ಜೂನಿಯರ್‌ಗಳು “ಅಕ್ಕ, ಆ ಕೊನೆಯ ರೂಮಿನ ಕಥೆ ಹೇಳಿ” ಅಂದ್ರು. ಹೇಳಿದ್ವಿ, ಚೆನ್ನಾಗಿ ಹೆದರಿಸಿಯೇ ಹೇಳಿದ್ವಿ. ಕೊನೆಯ ಸಾಲು ಮಾತ್ರ ಬದಲಾಯಿಸಿದ್ವಿ: ರಾತ್ರಿ ಅಳೋ ಸದ್ದು ಕೇಳಿದ್ರೆ ಬಾಗಿಲು ತೆಗೀರಿ. ಒಬ್ಬರೇ ಹೋಗೋಕೆ ಭಯ ಆದ್ರೆ ನಮ್ಮನ್ನೂ ಎಬ್ಬಿಸಿ.

ನಿಮ್ಮ ಹಾಸ್ಟೆಲ್‌ನಲ್ಲೂ ಒಂದು ಬೀಗ ಹಾಕಿದ ರೂಮ್ ಇರುತ್ತೆ. ಅಲ್ಲಿನ ಅಡುಗೆಯವರನ್ನು ಒಂದ್ಸಲ ಕೇಳಿ ನೋಡಿ. ಏನು ಹೇಳಿದ್ರು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.